ಸಹಾಯ ಬೇಕು: ಮೈಸೂರಿನಲ್ಲಿ ಸೆಂಟರ್ ಫೈರ್ ಪಿಸ್ತೂಲ್ ಸ್ನೇಹ ಸ್ಪರ್ಧೆ

ಎಲ್ಲರಿಗೂ ನಮಸ್ಕಾರ. ಮೈಸೂರು, ಮಂಡ್ಯದ ಗೆಳೆಯರು ಸೇರಿ ಮುಂದಿನ ತಿಂಗಳು 25 ಮೀಟರ್ ಸೆಂಟರ್ ಫೈರ್ (ಕಾಡತೂಸಿನ ತಳದ ಮಧ್ಯಕ್ಕೆ ಪಿನ್ ಬಡಿದು ಗುಂಡು ಹಾರುವ ಪಿಸ್ತೂಲ್) ಸ್ಪರ್ಧೆ ಇಟ್ಟುಕೊಂಡಿದ್ದೇವೆ. ಎಲ್ಲರಿಗೂ ಲೈಸೆನ್ಸ್ ಇದೆ, ರೇಂಜಿನವರೂ ಒಪ್ಪಿದ್ದಾರೆ. ಬಹುಮಾನ ಇಲ್ಲ, ಸೋತವರು ಮೈಲಾರಿ ದೋಸೆ ಕೊಡಿಸಬೇಕು ಅಷ್ಟೇ.

ತುರ್ತಾಗಿ ಬೇಕಾಗಿರುವುದು ಅನುಭವ ಇರುವ ರೇಂಜ್ ಆಫೀಸರ್. ನಮ್ಮಲ್ಲಿ ಎಲ್ಲರೂ ಹೊಡೆಯುವವರೇ, ಕಮಾಂಡ್ ಕೊಡುವವರಿಲ್ಲ. ಗೆಳೆಯರಾದರೂ ಬಂದೂಕಿನ ವಿಷಯದಲ್ಲಿ ಸಲಿಗೆ ಬೇಡ.

ಆಮೇಲೆ ತಿರುಗುವ ಟಾರ್ಗೆಟ್. ಮೊದಲ 30 ಗುಂಡಿಗೆ ತೊಂದರೆಯಿಲ್ಲ, 5 ನಿಮಿಷಕ್ಕೆ 5 ಹೊಡೆದರೆ ಆಯಿತು. ಉಳಿದ 30ರಲ್ಲಿ ಟಾರ್ಗೆಟ್ 7 ಸೆಕೆಂಡ್ ಮರೆಯಾಗಿ, 3 ಸೆಕೆಂಡ್ ಮಾತ್ರ ಮುಖ ತೋರಿಸಬೇಕು. ಅಷ್ಟರಲ್ಲಿ ಕೈ ಎತ್ತಿ ಒಂದು ಗುಂಡು. ಸುಮ್ನೆ ಸೀಟಿ ಊದಿ ನಡೆಸೋಣ ಅಂತಾರೆ ಕೆಲವರು. ನನಗೆ ಒಪ್ಪಿಗೆಯಿಲ್ಲ. ಮಜಾ ಇರುವುದೇ ಆ 3 ಸೆಕೆಂಡಿನಲ್ಲಿ, ಅಲ್ವಾ? ಮೋಟರ್ ಇರುವ ಸ್ಟ್ಯಾಂಡ್ ಎಲ್ಲಾದರೂ ಬಾಡಿಗೆಗೆ ಸಿಗುತ್ತದಾ?

9.65 ಮಿ.ಮೀ. ಸ್ಕೋರಿಂಗ್ ಗೇಜ್ ಕೂಡ ಬೇಕು, ಅಂದರೆ ಟಾರ್ಗೆಟ್‌ನ ತೂತಿಗೆ ಹಾಕಿ ಅದು ಅಂಕದ ಗೆರೆ ಮುಟ್ಟಿದೆಯಾ ಅಂತ ನೋಡುವ ಅಳತೆ ಸಾಧನ. ನಮ್ಮಲ್ಲಿ .32 ಇಂಚಿನ ಪಿಸ್ತೂಲ್ ಜಾಸ್ತಿ. ಆದರೆ ನಿಯಮದ ಪ್ರಕಾರ ಕ್ಯಾಲಿಬರ್ (ಗುಂಡಿನ ದಪ್ಪ) 7.62ರಿಂದ 9.65 ಮಿ.ಮೀ.ವರೆಗೆ ಯಾವುದೇ ಇರಲಿ, ಗೆರೆ ಹತ್ತಿರದ ತೂತಿಗೆ ಇದೊಂದೇ ಗೇಜ್. ದಪ್ಪ ಗುಂಡಿನವರಿಗೆ ಲಾಭ ಆಗಬಾರದು ಅಂತ. ಇದು ಇಲ್ಲದಿದ್ದರೆ ಒಂಬತ್ತಾ ಹತ್ತಾ ಅಂತ ಜಗಳ ಗ್ಯಾರಂಟಿ.

ಹೆಚ್ಚುವರಿ ಇಯರ್ ಮಫ್ ಇದ್ದರೆ ಒಂದು ದಿನದ ಮಟ್ಟಿಗೆ ಕೊಡಿ, ನೋಡಲು ಬರುವವರಿಗೂ ಬೇಕಾಗುತ್ತದೆ.

ಕೊಡಗಿನ ಕಡೆಯವರಿಗೂ ಸ್ವಾಗತ. ನಿಮ್ಮ ಹಬ್ಬದ ಹಾಗೆ ಗುರಿಗೆ ತೆಂಗಿನಕಾಯಿ ಮಾತ್ರ ಇಡುವುದಿಲ್ಲ, ಪೇಪರ್ ಟಾರ್ಗೆಟ್ಟೇ! ಗೊತ್ತಿರುವವರು ದಯವಿಟ್ಟು ಮೆಸೇಜ್ ಮಾಡಿ.