58 ಸಿಸಿ ಮಿಷನ್ ಜಾಲಿಗೆ ಒದ್ದಾಡ್ತಿದೆ, ಸೈಲೆನ್ಸರ್ ತೂತು ದೊಡ್ಡದು ಮಾಡಿಸಲಾ?

ಸಿಂಧನೂರಿನಿಂದ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ನಮ್ಮ ಹೊಲದ ಬದು ತುಂಬಾ ಬಳ್ಳಾರಿ ಜಾಲಿ ಬೆಳೆದು ನಿಂತಿದೆ. ಅದನ್ನು ತೆಗೆಯೋಕೆ ಅಂತ ಹೋದ ವರ್ಷ 58 ಸಿಸಿ ಚೈನ್ ಸಾ ತಗೊಂಡೆ. ಚೈನ್ ಸುತ್ತುವ ಪಟ್ಟಿ, ಅಂದರೆ ಬಾರ್, 22 ಇಂಚು. ಮೊದಮೊದಲು ಚೆನ್ನಾಗಿ ಕೊಯ್ಯುತ್ತಿತ್ತು. ಈಗ ಒಂದಡಿ ದಪ್ಪದ ಬೊಡ್ಡೆ ಸಿಕ್ಕರೆ ಮೈಭಾರ ಹಾಕಿ ಒತ್ತಬೇಕು, ಕೊಯ್ದ ಜಾಗದಲ್ಲಿ ಹೊಗೆ ಬರುತ್ತದೆ. ರಿಪೇರಿ ಮಾಡುವವರು ಸೈಲೆನ್ಸರ್ ತೂತು ದೊಡ್ಡದು ಮಾಡಿದರೆ ಪಿಕಪ್ ಬರುತ್ತೆ ಅಂತಾರೆ. ಮಾಡಿಸಿದವರು ಯಾರಾದರೂ ಇದ್ದರೆ ಹೇಗಾಯ್ತು ಹೇಳಿ.

ಗಂಗಾವತಿಯಿಂದ:

ಅಣ್ಣ, ಸೈಲೆನ್ಸರ್‌ಗೆ ಕೈ ಹಾಕೋ ಮುಂಚೆ ಕೆಳಗೆ ಬಿದ್ದ ಪುಡಿಯನ್ನು ಒಂದು ಹಿಡಿ ತಗೊಂಡು ನೋಡಿ. ಒಣ ಜಾಲಿ ಗಟ್ಟಿ ಕಟ್ಟಿಗೆ, ಅದರ ಚಕ್ಕೆ ಸಣ್ಣದೇ ಬರುತ್ತೆ. ಆದರೆ ಜೋಳದ ಹಿಟ್ಟಿನ ಹಾಗೆ ನುಣ್ಣಗೆ ಬರಬಾರದು. ಹಿಟ್ಟು ಬರ್ತಿದ್ದರೆ ಚೈನ್ ಮೊಂಡಾಗಿದೆ ಅಂತಲೇ ಅರ್ಥ. ಹೊಗೆ ಬರೋದೂ ಅದಕ್ಕೇ. ಹಲ್ಲು ಕೊಯ್ಯದೆ ಬರೀ ಉಜ್ಜುತ್ತಿದೆ.

ನಾನು ಹನ್ನೊಂದು ವರ್ಷದಿಂದ ಕಟ್ಟಿಗೆ ಕೊಯ್ಯುವ ಕೆಲಸದಲ್ಲಿದ್ದೀನಿ. ಶುರುವಿನ ಎರಡು ವರ್ಷ ನಾನೂ ಎಂಜಿನ್ ಮೇಲೆಯೇ ಅನುಮಾನ ಪಡುತ್ತಿದ್ದೆ. ಆಮೇಲೆ ಒಂದು ಅಭ್ಯಾಸ ಮಾಡಿಕೊಂಡೆ. ಏನೇ ಬದಲಾಯಿಸಿದರೂ ಮೊಬೈಲ್‌ನಲ್ಲಿ ಸ್ಟಾಪ್‌ವಾಚ್ ಹಾಕಿ ನೋಡೋದು. ಹತ್ತು ಇಂಚು ದಪ್ಪದ ಒಂದು ದಿಮ್ಮಿಯನ್ನು ಅಲ್ಲಾಡದ ಹಾಗೆ ಕಟ್ಟಿ ಇಡುತ್ತೀನಿ. ಮಿಷನ್ ಐದು ನಿಮಿಷ ಬಿಸಿ ಮಾಡುತ್ತೀನಿ. ಆಮೇಲೆ ಒತ್ತದೆ, ಮಿಷನ್ ತನ್ನ ಭಾರಕ್ಕೆ ತಾನೇ ಇಳಿಯೋಕೆ ಬಿಟ್ಟು, ಮೂರು ಬಿಲ್ಲೆ ಕೊಯ್ದು ಮೂರರ ಸರಾಸರಿ ತೆಗೆಯುತ್ತೀನಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಚೈನೂ ಬದಲಿಸಿ, ಪ್ಲಗ್ಗೂ ಬದಲಿಸಿ, ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬೊರೇಟರ್ ಸ್ಕ್ರೂನೂ ತಿರುವಿದರೆ ಯಾವುದರಿಂದ ಏನಾಯ್ತು ಅಂತ ಯಾರಿಗೂ ತಿಳಿಯಲ್ಲ. ಇನ್ನೊಂದು, ಒಂದೇ ದಿಮ್ಮಿಯಲ್ಲಿ ಒಂದು ಕಡೆ ಗಂಟು ಇರುತ್ತೆ, ಇನ್ನೊಂದು ಕಡೆ ಇರಲ್ಲ. ಅದಕ್ಕೆ ಹಳೇ ಚೈನ್, ಹೊಸ ಚೈನ್, ಮತ್ತೆ ಹಳೇ ಚೈನ್ ಅಂತ ಅದಲು ಬದಲು ಮಾಡಿ ನೋಡಬೇಕು.

ಹಾಗೆ ನೋಡಿದಾಗ ನನಗೆ ಸಿಕ್ಕ ಲೆಕ್ಕ ಹೇಳ್ತೀನಿ. ಮೊಂಡು ಚೈನ್‌ನಲ್ಲಿ ಒಣ ಜಾಲಿ ಬಿಲ್ಲೆಗೆ 38 ಸೆಕೆಂಡ್. ಅದೇ ಚೈನ್‌ಗೆ ಅರ ಹಾಕಿದ ಮೇಲೆ 17. ಹೊಸ ಪ್ಲಗ್ ಹಾಕಿದರೆ ಏನೂ ವ್ಯತ್ಯಾಸ ಬರಲಿಲ್ಲ. ತುಂಬಿಹೋಗಿದ್ದ ಏರ್ ಫಿಲ್ಟರ್ ತೊಳೆದಾಗ ಒಂದೆರಡು ಸೆಕೆಂಡ್ ಇಳಿಯಿತು. ಅರದಿಂದ ಆದಷ್ಟು ಲಾಭ ನನಗೆ ಬೇರೆ ಯಾವುದರಿಂದಲೂ ಆಗಿಲ್ಲ.

ಅರ ಹಾಕೋದನ್ನು ಸರಿಯಾಗಿ ಕಲಿಯಬೇಕು. ನಿಮ್ಮ ಮಿಷನ್‌ಗೆ ಸಾಮಾನ್ಯವಾಗಿ 0.325 ಇಂಚು ಪಿಚ್ (ಕೊಂಡಿಯಿಂದ ಕೊಂಡಿಗೆ ಇರುವ ಸರಾಸರಿ ಅಂತರ) ಚೈನ್ ಬರುತ್ತೆ, ಬಾರ್ ಮೇಲೆ ಬರೆದಿರುತ್ತೆ ನೋಡಿ. ಅದಕ್ಕೆ 4.8 ಮಿ.ಮೀ. ದುಂಡು ಅರ ಬೇಕು. ಅರದ ದಪ್ಪದಲ್ಲಿ ಐದರಲ್ಲಿ ಒಂದು ಪಾಲು ಹಲ್ಲಿನ ಮೇಲೆ ಕಾಣುವ ಹಾಗೆ ಹಿಡಿಯಿರಿ. ಹಲ್ಲಿನ ಒಳಗಿನಿಂದ ಹೊರಕ್ಕೆ ಮಾತ್ರ ತಳ್ಳಬೇಕು, ವಾಪಸ್ ಎಳೆಯುವಾಗ ಅರ ಎತ್ತಿಬಿಡಬೇಕು. ಕೋನ 30 ಡಿಗ್ರಿ ಅಂತ ಚೈನ್ ಮೇಲೇ ಗೆರೆ ಇರುತ್ತೆ. ಒಣ ಜಾಲಿಗೆ ನಾನು 25 ಇಡುತ್ತೀನಿ. ಮೊದಲ ಬಿಲ್ಲೆ ಸ್ವಲ್ಪ ನಿಧಾನ, ಆದರೆ ಅಂಚು ಜಾಸ್ತಿ ಹೊತ್ತು ನಿಲ್ಲುತ್ತೆ.

ಹರಿತ ಆಯ್ತೋ ಇಲ್ಲವೋ ಅಂತ ಬೆರಳಿಂದ ಮುಟ್ಟಿ ನೋಡಬೇಡಿ. ಹಲ್ಲಿನ ಅಂಚನ್ನು ಬಿಸಿಲಿಗೆ ಹಿಡಿಯಿರಿ. ಮೊಂಡಾದ ಅಂಚಲ್ಲಿ ಕೂದಲೆಳೆಯಷ್ಟು ಬಿಳಿ ಗೆರೆ ಮಿಂಚುತ್ತೆ. ಅಂಚು ಸವೆದು ದುಂಡಾದ ಜಾಗದಲ್ಲಿ ಬೆಳಕು ಬಿದ್ದು ಹಾಗೆ ಕಾಣೋದು. ಹರಿತವಾದ ಹಲ್ಲಲ್ಲಿ ಏನೂ ಮಿಂಚಲ್ಲ. ಆ ಗೆರೆ ಹೋಗುವವರೆಗೆ ಅರ ಹಾಕಿ. ಕಲ್ಲಿಗೆ ತಾಗಿದ ಹಲ್ಲಾದರೆ ಮೇಲಿನ ಕ್ರೋಮ್ ಪದರ ಎಲ್ಲಿಯವರೆಗೆ ಎದ್ದಿದೆಯೋ ಅಲ್ಲಿಯವರೆಗೆ ತೆಗೀಬೇಕು. ಅರ್ಧಕ್ಕೆ ಬಿಟ್ಟರೆ ಎರಡೇ ಬಿಲ್ಲೆಗೆ ಮತ್ತೆ ಮೊಂಡು.

ಸಿರುಗುಪ್ಪದಿಂದ:

ಗಂಗಾವತಿ ಅಣ್ಣ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಪ್ರತಿ ಹಲ್ಲಿನ ಮುಂದೆ ಒಂದು ಗುಬಟು ಇರುತ್ತಲ್ಲ, ರೇಕರ್ ಅಂತಾರೆ, ಒಂದು ಸಲಕ್ಕೆ ಎಷ್ಟು ಕಟ್ಟಿಗೆ ತಿನ್ನಬೇಕು ಅನ್ನೋದನ್ನು ಹಿಡಿತದಲ್ಲಿ ಇಡೋದು ಅದೇ. ಅದು ಹಲ್ಲಿಗಿಂತ 0.65 ಮಿ.ಮೀ. ತಗ್ಗಿರಬೇಕು. ಎಟಿಎಂ ಕಾರ್ಡ್ ದಪ್ಪ 0.76 ಮಿ.ಮೀ., ಅದಕ್ಕಿಂತ ಚೂರು ಕಡಿಮೆ ಅಂದುಕೊಳ್ಳಿ. ಅರ ಹಾಕಿ ಹಾಕಿ ಹಲ್ಲು ತಗ್ಗುತ್ತಾ ಹೋಗುತ್ತೆ, ರೇಕರ್ ಹಾಗೇ ಉಳಿಯುತ್ತೆ. ಆಗ ಎಷ್ಟು ಹರಿತ ಮಾಡಿದರೂ ಚೈನ್ ಮರ ಕಚ್ಚಲ್ಲ.

ಆದರೆ ಜಾಸ್ತಿ ಇಳಿಸಬೇಡಿ. ನಾನು ವೇಗದ ಆಸೆಗೆ ಕಣ್ಣಂದಾಜಿನಲ್ಲಿ ಉಜ್ಜಿಬಿಟ್ಟೆ. ಹುಣಸೆ ದಿಮ್ಮಿಗೆ ಇಟ್ಟ ಕೂಡಲೇ ಚೈನ್ ಕಚ್ಚಿ ನಿಂತಿತು, ಕ್ಲಚ್ ಸುಟ್ಟ ವಾಸನೆ ಬಂತು. ಎರಡನೇ ಸಲ ಬಾರಿನ ತುದಿ ಪಕ್ಕದ ಕೊಂಬೆಗೆ ತಾಗಿ ಮಿಷನ್ ಮುಖದ ಕಡೆಗೇ ಎಗರಿತು. ಮುಂದಿನ ಬ್ರೇಕ್ ಬಿದ್ದಿದ್ದರಿಂದ ಉಳಿದುಕೊಂಡೆ. ರೇಕರ್ ಅಳೆಯುವ ಪಟ್ಟಿ ಕೆಲವು ನೂರು ರೂಪಾಯಿ ಒಳಗೇ ಸಿಗುತ್ತೆ, ದಯವಿಟ್ಟು ತಗೊಳ್ಳಿ.

ಕುಷ್ಟಗಿಯಿಂದ:

ಸೈಲೆನ್ಸರ್ ತೂತು ಮಾಡಿಸಿದವನು ನಾನು. ನೀವು ಕೇಳಿದ್ದಕ್ಕೆ ನೇರವಾಗಿ ಹೇಳ್ತೀನಿ.

ಮೊದಲ ದಿನ ನಿಜವಾಗಲೂ ಜೋರಾಯ್ತು. ಹೊಗೆ ಸಲೀಸಾಗಿ ಹೊರಗೆ ಹೋದರೆ ಎಂಜಿನ್ ಜಾಸ್ತಿ ಗಾಳಿ ಎಳೆದುಕೊಳ್ಳುತ್ತೆ. ಆದರೆ ಗಾಳಿ ಜಾಸ್ತಿ ಆದ ಮೇಲೆ ಪೆಟ್ರೋಲೂ ಜಾಸ್ತಿ ಕೊಡಬೇಕು ಅಲ್ವಾ? ಅಂಗಡಿಯವರು ತೂತು ಕೊರೆದು ಕೊಟ್ಟರು, ಕಾರ್ಬೊರೇಟರ್ ಸ್ಕ್ರೂ ಮುಟ್ಟಲೇ ಇಲ್ಲ. ಟೂ ಸ್ಟ್ರೋಕ್ ಎಂಜಿನ್‌ಗೆ ಆಯಿಲ್ ಹೋಗೋದೇ ಪೆಟ್ರೋಲ್ ಜೊತೆ. ಪೆಟ್ರೋಲ್ ಕಮ್ಮಿ ಆದರೆ ಆಯಿಲೂ ಕಮ್ಮಿ, ಕಾವು ಜಾಸ್ತಿ. ಏಪ್ರಿಲ್ ಬಿಸಿಲು ಬೇರೆ. ಒಂಬತ್ತನೇ ದಿನ ಕೊಯ್ಯುತ್ತಿದ್ದ ಹಾಗೇ ಕೀಚ್ ಅಂತ ನಿಂತಿತು. ಬಿಚ್ಚಿ ನೋಡಿದರೆ ಪಿಸ್ಟನ್‌ನ ಸೈಲೆನ್ಸರ್ ಕಡೆಯ ಮೈಮೇಲೆ ಉದ್ದುದ್ದ ಗೀರು, ಅಲ್ಯೂಮಿನಿಯಂ ಕರಗಿ ಸಿಲಿಂಡರ್‌ಗೆ ಮೆತ್ತಿಕೊಂಡಿತ್ತು. ಪಿಸ್ಟನ್ ಉಂಗುರ ಅಲ್ಲೇ ಅಂಟಿತ್ತು. ಸಿಲಿಂಡರ್, ಪಿಸ್ಟನ್ ಎರಡೂ ಹೊಸದು ಹಾಕಿಸಬೇಕಾಯ್ತು.

ಮಾಡಿಸಲೇಬೇಕು ಅಂದರೆ ಕಾರ್ಬೊರೇಟರ್‌ನಲ್ಲಿ ಎಚ್ ಅಂತ ಬರೆದಿರುವ, ಪೂರ್ತಿ ರೇಸ್‌ನಲ್ಲಿ ಪೆಟ್ರೋಲ್ ಹೆಚ್ಚು ಕಮ್ಮಿ ಮಾಡುವ ಸ್ಕ್ರೂ ಎಡಕ್ಕೆ ಸ್ವಲ್ಪ ಬಿಚ್ಚಿ ಸದ್ದು ಕೇಳಬೇಕು. ಮರಕ್ಕೆ ಇಡದೆ ಪೂರ್ತಿ ರೇಸ್ ಮಾಡಿದಾಗ ಸದ್ದು ಚೂರು ಒಡೆದ ಹಾಗೆ ಬರಬೇಕು, ಮರಕ್ಕೆ ಇಟ್ಟ ಕೂಡಲೇ ಒಂದೇ ಸಮ ಆಗಬೇಕು. ಮರಕ್ಕೆ ಇಡದೆಯೇ ಸದ್ದು ತೆಳ್ಳಗೆ ಕಿರುಚಿದರೆ ಪೆಟ್ರೋಲ್ ಸಾಲುತ್ತಿಲ್ಲ, ತಕ್ಷಣ ಆಫ್ ಮಾಡಿ. ಒಳಗಿನ ಕಿಡಿ ತಡೆಯುವ ಜಾಲರಿಯನ್ನಂತೂ ಕೀಳಬೇಡಿ. ಬೇಸಿಗೆಯಲ್ಲಿ ನಮ್ಮ ಕಡೆ ಬದುವಿನ ಹುಲ್ಲು, ಮೇವಿನ ಬಣವೆ ಎಲ್ಲಾ ಹೇಗೆ ಒಣಗಿರುತ್ತೆ ನಿಮಗೇ ಗೊತ್ತು.

ಈಗಿನ ಪೆಟ್ರೋಲ್‌ನಲ್ಲಿ ಎಥೆನಾಲ್ ನೂರಕ್ಕೆ 20 ಪಾಲಿನವರೆಗೆ ಇರುತ್ತೆ, ಅದು ನೀರು ಎಳೆದುಕೊಳ್ಳುತ್ತೆ. ಮಳೆಗಾಲದಲ್ಲಿ ಮಿಷನ್ ಮೂಲೆಗೆ ಇಡುವಾಗ ಟ್ಯಾಂಕ್ ಖಾಲಿ ಮಾಡಿ, ತಾನಾಗೇ ನಿಲ್ಲುವವರೆಗೆ ಓಡಿಸಿ ಇಡಿ.

ಸಂಡೂರಿನಿಂದ:

ನಮ್ಮ ಕಡೆ ಅದಿರು ಲಾರಿ ಓಡುವ ರಸ್ತೆ ಬದಿಯ ಮರಗಳ ತೊಗಟೆಯಲ್ಲಿ ಕೆಂಪು ಧೂಳು ಕೂತಿರುತ್ತೆ. ಹರಿತ ಮಾಡಿದ ಚೈನ್ ಅರ್ಧ ಗಂಟೆಗೆ ಮೊಂಡಾಗುತ್ತಿತ್ತು. ಈಗ ಕೊಯ್ಯುವ ಜಾಗದಲ್ಲಿ ಮೊದಲು ಕೊಡಲಿಯಿಂದ ತೊಗಟೆ ಕೆತ್ತುತ್ತೀವಿ. ಚೂಪು ಮೂಲೆಯ ಹಲ್ಲಿನ ಚೈನ್ ಬಿಟ್ಟು, ಮೂಲೆ ಸ್ವಲ್ಪ ದುಂಡಗಿರುವ ಸೆಮಿ ಚಿಸೆಲ್ ಹಾಕುತ್ತೀವಿ. ಶುರುವಿಗೆ ಚೂರು ನಿಧಾನ ಅನಿಸಿದರೂ ಧೂಳಿಗೆ ಅದೇ ತಡೆಯೋದು. ಜಾಲಿಯನ್ನು ಹಸಿ ಇದ್ದಾಗಲೇ ಕೊಯ್ಯಿರಿ, ಒಣಗಿದ ಮೇಲೆ ಮಿಷನ್‌ಗೂ ಕಷ್ಟ, ನಿಮಗೂ ಕಷ್ಟ.

ಚೈನ್ ಮತ್ತು ಬಾರ್ ಸವೆಯದ ಹಾಗೆ ಬೀಳುವ ಬಾರ್ ಆಯಿಲ್ ಬರ್ತಿದೆಯಾ ಅಂತಲೂ ನೋಡಿ. ಹಳೇ ಪೇಪರ್ ಮುಂದೆ ಬಾರಿನ ತುದಿ ತಾಗದ ಹಾಗೆ ಹಿಡಿದು ರೇಸ್ ಮಾಡಿದರೆ ಎಣ್ಣೆಯ ಗೆರೆ ಬೀಳಬೇಕು. ಟ್ರ್ಯಾಕ್ಟರ್‌ನಿಂದ ಇಳಿಸಿದ ಹಳೇ ಆಯಿಲ್ ಹಾಕಬೇಡಿ, ಅದರಲ್ಲಿ ಕಬ್ಬಿಣದ ಪುಡಿ ಇರುತ್ತೆ.

ರಾಯಚೂರಿನಿಂದ:

22 ಇಂಚಿನ ಬಾರ್ ತೆಗೆದು 18 ಹಾಕಿ ನೋಡಿ. ಚೈನೂ ಅದಕ್ಕೆ ತಕ್ಕದ್ದು ಬೇಕು. ಉಜ್ಜಾಟ ಕಮ್ಮಿ, ಹರಿತ ಮಾಡೋಕೆ ಹಲ್ಲೂ ಕಮ್ಮಿ. ಚೈನ್ ತಿರುಗಿಸುವ ಹಲ್ಲಿನ ಚಕ್ರ, ಅಂದರೆ ಸ್ಪ್ರಾಕೆಟ್, 7 ಹಲ್ಲಿನದರ ಬದಲು 8 ಹಲ್ಲಿನದು ಹಾಕಿದ್ದೆ. ಚೈನ್ ವೇಗ ಏರಿತು, ಬೇವಿಗೆ ಚೆನ್ನಾಗಿತ್ತು, ಜಾಲಿಗೆ ಇಟ್ಟರೆ ಎಂಜಿನ್ ಕುಸಿಯುತ್ತಿತ್ತು. ವಾಪಸ್ 7 ಹಾಕಿದೆ.

ಸಿಂಧನೂರಿನಿಂದ, ಹತ್ತು ದಿನದ ಮೇಲೆ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹೇಳಿದ ಹಾಗೇ ಅಳೆದೆ. ಮೊದಲು 41 ಸೆಕೆಂಡ್. ಅರ ಹಾಕಿ, ರೇಕರ್ ಸರಿ ಮಾಡಿದ ಮೇಲೆ 19. ಸೈಲೆನ್ಸರ್ ಹಾಗೇ ಬಿಟ್ಟಿದ್ದೀನಿ. ಒಂದೇ ತೊಂದರೆ, ದಪ್ಪ ಬೊಡ್ಡೆಯಲ್ಲಿ ಕೊಯ್ತ ಬಲಕ್ಕೆ ಸೊಟ್ಟ ಹೋಗ್ತಿದೆ. ಯಾಕಿರಬಹುದು?

ಗಂಗಾವತಿಯಿಂದ:

ಬಲಗಡೆಯ ಹಲ್ಲು ಜಾಸ್ತಿ ಹರಿತ ಅಥವಾ ಉದ್ದ ಉಳಿದಿದೆ ಅಣ್ಣ, ಚೈನ್ ಆ ಕಡೆಗೆ ಎಳೆಯುತ್ತೆ. ಬಲಗೈಯವರಿಗೆ ಒಂದು ಬದಿ ಸಲೀಸು, ಇನ್ನೊಂದು ಬದಿಗೆ ಕೈ ಸೋಲುತ್ತೆ. ವರ್ನಿಯರ್ ಅಳತೆಗೋಲಿನಿಂದ ಎಲ್ಲಾ ಹಲ್ಲಿನ ಉದ್ದ ಅಳೆದು, ಎಲ್ಲಕ್ಕಿಂತ ಗಿಡ್ಡ ಇರುವ ಹಲ್ಲಿಗೆ ಉಳಿದವನ್ನು ಸಮ ಮಾಡಿ. ರೇಕರನ್ನೂ ಮತ್ತೆ ಅಳೆಯಿರಿ. ಆಮೇಲೂ ಸೊಟ್ಟ ಹೋದರೆ ಬಾರ್ ಬಿಚ್ಚಿ ಅದರ ಉದ್ದನೆಯ ಅಂಚು ಕೆಳಗೆ ಬರುವ ಹಾಗೆ ಗಾಜಿನ ಮೇಲೆ ನೆಟ್ಟಗೆ ನಿಲ್ಲಿಸಿ. ಒಂದು ಕಡೆ ವಾಲಿದರೆ ಅದರ ಅಂಚು ಸವೆದಿದೆ, ಚಪ್ಪಟೆ ಅರದಿಂದ ಎರಡೂ ಅಂಚು ಒಂದೇ ಮಟ್ಟಕ್ಕೆ ತನ್ನಿ. ಇನ್ನು ಮೇಲೆ ಚೈನ್ ಹರಿತ ಮಾಡಿದಾಗಲೆಲ್ಲ ಬಾರನ್ನು ಮೇಲಿನ ಅಂಚು ಕೆಳಗೆ ಬರುವ ಹಾಗೆ ತಿರುಗಿಸಿ ಹಾಕಿ.