ಸ್ಪ್ಯಾಮ್ ಫಿಲ್ಟರ್: ಸೋಸುವುದೋ, ಕೇರುವುದೋ?

ಬಳಗದ ಎಲ್ಲರಿಗೂ ಶರಣು. ಸ್ಪ್ಯಾಮ್ ಫಿಲ್ಟರಿಗೆ, ಅಂದರೆ ಬೇಡದ ಕಸದ ಮೇಲನ್ನು ಬೇರ್ಪಡಿಸುವ ತಂತ್ರಾಂಶಕ್ಕೆ, ಒಂದು ಕನ್ನಡ ಮಾತು ಹುಡುಕುತ್ತಿದ್ದೇನೆ. ಅದರ ಹಿಂದಿನ ಕಥೆ ಮೊದಲು.

ಬಾಗಲಕೋಟೆಯ ನವನಗರದಲ್ಲಿ ಕಂಪ್ಯೂಟರ್ ರಿಪೇರಿ ನನ್ನ ಹೊಟ್ಟೆಪಾಡು. ಹೋದ ವಾರ ಇಳಕಲ್ಲಿನ ಸೀರೆ ವ್ಯಾಪಾರಿಯೊಬ್ಬರ ಫೋನ್ ಬಂತು: "ಅಣ್ಣಾರ, ನಾವು ಕಳಿಸಿದ ಮೇಲ್ ಹೊಕ್ಕಾವ, ಬರೋದು ಒಂದೂ ಬರವಲ್ದು." ಹೋಗುತ್ತದೆ, ಬರುವುದಿಲ್ಲ ಎಂದರೆ ಅರ್ಧ ರೋಗ ಅಲ್ಲೇ ತಿಳಿಯುತ್ತದೆ. ಮೇಲ್ ಕಳಿಸುವ ಸರ್ವರಿನ ದಾರಿ ಬೇರೆ, ತರುವ ಸರ್ವರಿನ ದಾರಿ ಬೇರೆ.

ಅಂಗಡಿಗೆ ಹೋಗಿ ನೋಡಿದರೆ, ತರುವ ಸರ್ವರಿನ ಹೆಸರು ಇರಬೇಕಾದ ಜಾಗದಲ್ಲಿ 127.0.0.1 ಎಂದಿತ್ತು. ಈ ಅಂಕಿ ಯಾವ ಕಂಪ್ಯೂಟರಿನಲ್ಲಿ ಹಾಕಿದರೂ ಆ ಕಂಪ್ಯೂಟರನ್ನೇ ತೋರಿಸುತ್ತದೆ. ಬಳಕೆದಾರರ ಹೆಸರಿನ ಬಾಲಕ್ಕೆ ನಿಜವಾದ ಸರ್ವರಿನ ಹೆಸರು ಅಂಟಿಕೊಂಡಿತ್ತು. ಪೋರ್ಟ್, ಅಂದರೆ ಸರ್ವರಿನ ಬಾಗಿಲ ನಂಬರು, 995 ಇದ್ದದ್ದು 110 ಆಗಿತ್ತು. "ನಿಮ್ಮ ಸೆಟ್ಟಿಂಗ್ ಬದಲಾಗ್ಯಾವ್ರಿ" ಅಂದೆ. ಮಾಲೀಕರು ಲೆಕ್ಕ ಬರೆಯುವ ಹುಡುಗನ ಕಡೆ ತಿರುಗಿ, "ಯಾರ ಜೋಡಿ ಸೆಟ್ಟಿಂಗ್ ಮಾಡಿದ್ಯೋ?" ಎಂದು ಗದರಿದರು! ನಮ್ಮ ಕಡೆ ಸೆಟ್ಟಿಂಗ್ ಎಂದರೆ ಒಳಒಪ್ಪಂದ. ಟೆಂಡರಿನಲ್ಲಿ ಆಗುವಂಥದ್ದು, ಎಲೆಕ್ಷನ್ನಿನಲ್ಲಿ ಆಗುವಂಥದ್ದು. ಫೋನುಗಳ ಕನ್ನಡದಲ್ಲಿ 'ಸೆಟ್ಟಿಂಗ್‌ಗಳು' ಎಂದೇ ಇದೆ, ಇರಲಿ. ಆದರೆ ಆ ಹುಡುಗನ ಮುಖ ನೋಡಿದ ಮೇಲೆ ನನಗೆ ಆ ಪದ ಬಳಸಲು ಹೆದರಿಕೆ.

ಹುಡುಗ ಮಾಡಿದ್ದು ಇಷ್ಟೆ. ಕಂಪ್ಯೂಟರಿನಲ್ಲಿ ಸ್ಪ್ಯಾಮ್ ತಡೆಯುವ ತಂತ್ರಾಂಶವೊಂದಿತ್ತು. ಸೊಲ್ಲಾಪುರದ ಗಿರಾಕಿಯೊಬ್ಬರು ಟೋಪ್ ತೆನಿ ಸೆರಗಿನ ಸೀರೆಗಳಿಗೆ ಆರ್ಡರ್ ಕಳಿಸಿದ್ದರು. ಅದರಲ್ಲಿ ಅರ್ಜೆಂಟ್, ಡಿಸ್ಕೌಂಟ್, ರೇಟು ಎಂದೆಲ್ಲ ಇತ್ತು. ತಂತ್ರಾಂಶ ಅದನ್ನು ಕಸದ ಫೋಲ್ಡರಿಗೆ ಹಾಕಿತು. ಮಾಲೀಕರಿಗೆ ಸಿಟ್ಟು ಬಂತು, ಹುಡುಗ ತಂತ್ರಾಂಶವನ್ನೇ ಕಿತ್ತುಹಾಕಿದ. ಇಂಥವು ಕೆಲವು ದಲ್ಲಾಳಿಯ ಹಾಗೆ ನಡುವೆ ಕೂರುತ್ತವೆ: ಮೇಲ್ ನೇರ ನಿಮಗೆ ಬರುವುದಿಲ್ಲ, ದಲ್ಲಾಳಿ ಸರ್ವರಿನಿಂದ ಇಳಿಸಿಕೊಂಡು, ಪರೀಕ್ಷೆ ಮಾಡಿ ಕೊಡುತ್ತಾನೆ. ಅದಕ್ಕೇ ಮೇಲ್ ಪ್ರೋಗ್ರಾಮಿನಲ್ಲಿ ಸರ್ವರಿನ ವಿಳಾಸ ತೆಗೆದು ತನ್ನ ವಿಳಾಸ ಬರೆದಿಟ್ಟಿರುತ್ತಾನೆ. ಗೂಢಲಿಪಿಯಲ್ಲಿ ಬಂದರೆ ದಲ್ಲಾಳಿಗೆ ಓದಲಾಗದು, ಅದಕ್ಕೆ ಗೂಢಲಿಪಿಯ 995 ಹೋಗಿ ಗೂಢಲಿಪಿಯಿಲ್ಲದ 110. ದಲ್ಲಾಳಿ ಅಂಗಡಿ ಖಾಲಿ ಮಾಡಿದ, ಬರೆದ ವಿಳಾಸ ಹಾಗೇ ಉಳಿಯಿತು. ಪಾಪ, ಮೇಲ್ ಪ್ರೋಗ್ರಾಮ್ ಎರಡು ದಿನ ತನ್ನದೇ ಮನೆಯ ಬಾಗಿಲು ಬಡಿಯುತ್ತ ನಿಂತಿತ್ತು.

ಹಳೆಯ ಹೆಸರು, ಹಳೆಯ ಪೋರ್ಟ್ ಹಾಕಿ, ಬಾಲ ಕತ್ತರಿಸಿದೆ. ಸರ್ವರಿನಲ್ಲೇ ಕಾದಿದ್ದ ಮೇಲ್ ಎಲ್ಲ ಇಳಿದವು. ಅಲ್ಲಿಗೆ ರಿಪೇರಿ ಮುಗಿಯಿತು.

ನನ್ನ ಪ್ರಶ್ನೆ ಬೇರೆ. ಮುಂದೆ ಹೀಗಾಗದಂತೆ ಒಂದು ಚೀಟಿ ಬರೆದು ಮಾನಿಟರಿಗೆ ಅಂಟಿಸಲು ಹೇಳಿದರು. 'ಸ್ಪ್ಯಾಮ್ ಫಿಲ್ಟರ್' ಎಂದು ಬರೆಯಹೋದರೆ, ಫಿಲ್ಟರ್ ಅಂದರೆ ಅವರಿಗೆ ಕುಡಿಯುವ ನೀರಿನದು. 'ಸೋಸು' ಎಂದು ಬರೆಯಲು ಕೈ ಹೋಗಲಿಲ್ಲ. ಚಹಾ ಸೋಸುವಾಗ ಜಾಲರಿಗೆ ತೂತಿನ ಅಳತೆಯೊಂದೇ ಗೊತ್ತು, ಚಹಾಪುಡಿ ಒಳ್ಳೆಯದೋ ಕೆಟ್ಟದ್ದೋ ಅದು ನೋಡುವುದಿಲ್ಲ. ಜರಡಿಗೂ ಅದೇ ಮಾತು. ಸ್ಪ್ಯಾಮ್ ಹಿಡಿಯುವ ತಂತ್ರಾಂಶ ಹಾಗಲ್ಲ, ಒಂದೊಂದು ಮೇಲನ್ನೂ ತೂಗುತ್ತದೆ. ಸ್ಪ್ಯಾಮ್ ಅಸ್ಯಾಸಿನ್ ಎಂಬುದೊಂದಿದೆ. ಪ್ರತಿ ಲಕ್ಷಣಕ್ಕೂ ಅಂಕ ಕೊಟ್ಟು ಕೂಡಿಸುತ್ತದೆ, ನಾವೇನೂ ಬದಲಾಯಿಸದಿದ್ದರೆ ಮೊತ್ತ 5 ಮುಟ್ಟಿದ ಮೇಲ್ ಸ್ಪ್ಯಾಮ್. ಇದು ಹಗುರ, ಇದು ಗಟ್ಟಿ ಎಂಬ ಲೆಕ್ಕ. ಅದು ನಮ್ಮಲ್ಲಿ ಮೊರದ ಕೆಲಸ.

'ತೂರು' ಎನ್ನಬಹುದಿತ್ತು. ಆದರೆ ಕಣದಲ್ಲಿ ತೂರುವಾಗ ಹೊಟ್ಟನ್ನು ಗಾಳಿ ಒಯ್ಯುತ್ತದೆ, ದೂರ ಹಾರಿದ್ದನ್ನು ಯಾರು ಹುಡುಕುತ್ತಾರೆ? ಸ್ಪ್ಯಾಮ್ ಹಾರಿಹೋಗುವುದಿಲ್ಲ, ಒಂದು ಫೋಲ್ಡರಿನಲ್ಲಿ ಬಿದ್ದಿರುತ್ತದೆ. ಜಿಮೇಲಿನಲ್ಲಿ 30 ದಿನ ಇರುತ್ತದೆ. 'ಕೇರು' ಸರಿ ಎನಿಸಿದ್ದು ಇಲ್ಲಿ. ನಮ್ಮವ್ವ ಜೋಳ ಕೇರಿದರೆ ಜೊಳ್ಳು ಮೊರದ ಮುಂದೆಯೇ ಬೀಳುತ್ತಿತ್ತು. ಕೇರಿದ ಮೇಲೆ ಆಕೆ ಬಗ್ಗಿ, ಆ ಜೊಳ್ಳಿನೊಳಗೆ ಎರಡು ಬೆರಳು ಆಡಿಸಿ ನಾಲ್ಕು ಗಟ್ಟಿ ಕಾಳು ಹೆಕ್ಕಿ ವಾಪಸು ಹಾಕುತ್ತಿದ್ದಳು. ಸೊಲ್ಲಾಪುರದ ಆರ್ಡರ್ ಅಂಥ ಕಾಳು.

ಇಂಗ್ಲಿಷಿನವರು ಇದನ್ನು ಅಡುಗೆಮನೆಯಿಂದಲೇ ತಂದಿದ್ದಾರೆ. ಸ್ಪ್ಯಾಮ್ 1937ರಲ್ಲಿ ಅಮೆರಿಕದಲ್ಲಿ ಬಂದ ಡಬ್ಬಿ ಮಾಂಸದ ಹೆಸರು. ಒಳ್ಳೆಯ ಮೇಲಿಗೆ ಅವರು ತಮಾಷೆಗೆ 'ಹ್ಯಾಮ್' ಎನ್ನುತ್ತಾರೆ. ನಾವು ಜೊಳ್ಳು, ಗಟ್ಟಿ ಕಾಳು ಎಂದರೆ ತಪ್ಪೇನು? 'ಅನಪೇಕ್ಷಿತ ವಿದ್ಯುನ್ಮಾನ ಅಂಚೆ' ಎಂದು ಬರೆದ ಚೀಟಿಯನ್ನು ಇಳಕಲ್ಲಿನಲ್ಲಿ ಯಾರೂ ಪೂರ್ತಿ ಓದಲಾರರು.

ನನಗೆ ಸಿಗದಿರುವುದು ಒಂದೇ ಪದ: ಜೊಳ್ಳಿನ ಜೊತೆ ತಪ್ಪಿ ಬಿದ್ದ ಆ ಗಟ್ಟಿ ಕಾಳಿಗೆ ಹೆಸರು. ಬೆಳಗಾವಿ, ವಿಜಯಪುರ ಕಡೆಯವರು, ಹಳೆ ಮೈಸೂರಿನವರು, ನಿಮ್ಮ ಮನೆಗಳಲ್ಲಿ ಇದಕ್ಕೆ ಏನೆನ್ನುತ್ತಿದ್ದರು? ಸೆಟ್ಟಿಂಗ್‌ಗೆ ಬೇರೆ ಮಾತು ಹೊಳೆದರೆ ಅದನ್ನೂ ಬರೆಯಿರಿ. 'ಹೊಂದಾಣಿಕೆ' ಬೇಡ, ಅದರಲ್ಲೂ ಒಳಒಪ್ಪಂದದ ವಾಸನೆ ಇದೆ.

ಸದ್ಯಕ್ಕೆ ಚೀಟಿಯಲ್ಲಿ "ಮೊರ ತೆಗೆಯುವ ಮೊದಲು ಸರ್ವರ್ ಹೆಸರು, ಪೋರ್ಟ್ ಬರೆದಿಟ್ಟುಕೋ. ದಿನಾ ಸಂಜೆ ಜೊಳ್ಳು ನೋಡು" ಎಂದು ಬರೆದು ಅಂಟಿಸಿ ಬಂದಿದ್ದೇನೆ. ಹುಡುಗನಿಗೆ ಅರ್ಥವಾಯಿತು. ಮಾಲೀಕರು ಮಾತ್ರ, "ಸೀರಿ ಅಂಗಡ್ಯಾಗ ಮೊರ ಎಲ್ಲೈತಿ?" ಎಂದು ಕೇಳುತ್ತಿದ್ದಾರೆ.