ಹಳೆ ಸಿಂಗರ್ ಕಾಲ್ ಮಿಷನ್‌ಗೆ 12,000 ಹೇಳ್ತಿದ್ದಾರೆ, ನ್ಯಾಯವಾದ ರೇಟ್ ಎಷ್ಟು?

ಕಟಪಾಡಿ ಕಸೂತಿ:
ಉಡುಪಿ ಹತ್ತಿರ ಹಳೆ ಹೆಂಚಿನ ಮನೆಯೊಂದನ್ನು ಕೆಡವುತ್ತಿದ್ದಾರೆ, ಅಟ್ಟದ ಸಾಮಾನೆಲ್ಲ ಮಾರಾಟಕ್ಕೆ ಉಂಟು. ಅದರಲ್ಲಿ ಕಾಲಲ್ಲಿ ತುಳಿಯುವ ಸಿಂಗರ್ ಮಿಷನ್ ಒಂದು. ಬೆಡ್‌ನ (ಮಿಷನ್‌ನ ಅಡಿಯ ಚಪ್ಪಟೆ ಭಾಗ) ಬಲಬದಿಯ ನಂಬರ್ ಇಎಚ್ ಅಕ್ಷರದಿಂದ ಶುರುವಾಗ್ತದೆ. ಹಿತ್ತಾಳೆ ಬಿಲ್ಲೆಗೆ ನೀಲಿ ಅಂಚು, ಅದರಲ್ಲಿ 1851–1951 ಅಂತ ಬರೆದಿದೆ. ಬಾಬಿನ್ (ಕೆಳನೂಲು ಸುತ್ತುವ ಉರುಳೆ) ಎಡಗಡೆ ಕೆಳಗೆ, ಲಂಬವಾಗಿ ಕೂರುವ ಜಾತಿ; ಬಾಬಿನ್ ಕೇಸ್ ಇಲ್ಲ. ವೀಲ್ ತಿರುಗ್ತದೆ, ಆದರೆ ತುಂಬ ಭಾರ. ಬೆಲ್ಟ್ ತುಂಡು. ಒಂದು ಡ್ರಾವರ್ ಕಾಣೆ.

ಹೇಳ್ತಿರುವುದು 12,000. "ಸ್ಕಾಟ್ಲೆಂಡ್ ಮಾಲು, ನೂರು ವರ್ಷದ್ದು, ಶತಮಾನೋತ್ಸವದ ಸ್ಪೆಷಲ್ ಪೀಸ್" ಅಂತಾರೆ. ನನಗೆ ಬೇಕಾದದ್ದು ರವಿಕೆ, ಲಂಗ, ಪರದೆ ಹೊಲಿಯಲಿಕ್ಕೆ, ಚಾವಡಿಯಲ್ಲಿ ಇಟ್ಟು ನೋಡಲಿಕ್ಕಲ್ಲ. ಎಷ್ಟಕ್ಕೆ ಕೇಳಬಹುದು? ನೋಡಲು ಹೋಗುವಾಗ ಏನೇನು ತಕ್ಕೊಂಡು ಹೋಗಬೇಕು?

ಬಂದರಿನ ಸೂಜಿ:
ಸ್ಕಾಟ್ಲೆಂಡ್ ಎಂಬುದು ಸತ್ಯ. ನೂರು ವರ್ಷ ಎಂಬುದು ಅಲ್ಲ. ಇ ಜೊತೆಗೆ ಇನ್ನೊಂದು ಅಕ್ಷರ ಇರುವ ನಂಬರುಗಳು 1935ರಿಂದ 1963ರವರೆಗೆ ಸಿಂಗರ್‌ನ ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್ ಕಾರ್ಖಾನೆಗೆ ಕೊಟ್ಟವು. ಇಎಚ್ 1951ರ ಸುಮಾರಿನದ್ದು. ನಂಬರಿನ ಸರಣಿ ಹಂಚಿದ ವರ್ಷ ಅದು, ಮಿಷನ್ ತಯಾರಾದದ್ದು ಸ್ವಲ್ಪ ಆಚೆಗೂ ಇರಬಹುದು. ನೀಲಿ ಅಂಚಿನ ಬಿಲ್ಲೆ ಕಂಪನಿಗೆ ನೂರು ತುಂಬಿದಾಗ ಆ ಹೊತ್ತಿನ ಮಿಷನ್‌ಗಳಿಗೆ ಸಾರಾಸಗಟಾಗಿ ಹಾಕಿದ್ದು. ನೂರು ವರ್ಷ ಆದದ್ದು ಕಂಪನಿಗೆ, ಮಿಷನ್‌ಗಲ್ಲ. ಆ ಬಿಲ್ಲೆಗೆ ಅಂತ ಒಂದು ರೂಪಾಯಿಯೂ ಹೆಚ್ಚು ಕೊಡಬೇಡಿ.

ಹಳೆಯದು ಅಂದ ಕೂಡಲೇ ಅಪರೂಪ ಅಲ್ಲ. ಕ್ಲೈಡ್‌ಬ್ಯಾಂಕ್ 1913ರಲ್ಲಿ ಒಂದೇ ವರ್ಷ 13 ಲಕ್ಷದಷ್ಟು ಮಿಷನ್ ಹೊರಗೆ ಕಳಿಸಿದ ಕಾರ್ಖಾನೆ. ಇನ್ನೊಂದು ಮಾತು. ಹಳೆ ಸಿಂಗರ್ ಸೂಜಿಯಲ್ಲಿ "ಕೆಂಪು ಪಾದರಸ" ಇದೆ ಎಂಬ ಗಾಳಿಸುದ್ದಿ 2009ರಲ್ಲಿ ಸೌದಿಯಲ್ಲಿ ಹಬ್ಬಿ, ಬೆಲೆ ಹುಚ್ಚಾಪಟ್ಟೆ ಏರಿತ್ತು. ಅಂಥ ವಸ್ತು ಮಿಷನ್‌ನಲ್ಲಿ ಎಲ್ಲೂ ಇಲ್ಲ. ಯಾರಾದರೂ ಆ ಕಾರಣ ಹೇಳಿ ರೇಟ್ ಏರಿಸಿದರೆ ಅಲ್ಲಿಂದ ಎದ್ದು ಬನ್ನಿ.

ರಥಬೀದಿ ರಿಪೇರಿ:
ನೀವು ಹೇಳಿದ ಲಕ್ಷಣಕ್ಕೆ ಅದು ಸಿಂಗರ್‌ನ 15ಕೆ ಮಾದರಿ. ಹೊಲಿಯಲು ತಕ್ಕೊಳ್ಳುವವರಿಗೆ ಒಳ್ಳೆಯ ಆಯ್ಕೆ. ಉಷಾ, ಮೆರಿಟ್, ರೀಟಾ ಕಂಪನಿಗಳ ಮನೆಬಳಕೆಯ ಕಪ್ಪು ಮಿಷನ್ ಹೆಚ್ಚಿನವು ಅದೇ ಪದ್ಧತಿಯವು, ಹಾಗಾಗಿ ಲೂಧಿಯಾನದ ಬಿಡಿಭಾಗ ಮಂಗಳೂರು, ಉಡುಪಿ ಎಲ್ಲಿ ಬೇಕಾದರೂ ಸಿಗ್ತದೆ. ಇದರ ಬದಲು ದೋಣಿಯಾಕಾರದ ಉದ್ದ ಶಟಲ್ ಇರುವ 27 ಅಥವಾ 28ನೇ ಮಾದರಿ ಆಗಿದ್ದು, ಶಟಲ್ ಕಾಣೆಯಾಗಿದ್ದರೆ, ಪುಕ್ಕಟೆ ಕೊಟ್ಟರೂ ಯೋಚಿಸಿ ಎನ್ನುತ್ತಿದ್ದೆ.

ತಕ್ಕೊಂಡು ಹೋಗಬೇಕಾದದ್ದು: ಚಪ್ಪಟೆ ತಲೆಯ 16 ನಂಬರಿನ ಹೊಸ ಸೂಜಿ, ಬಾಬಿನ್ ಮತ್ತು ಕೇಸ್, ಎರಡು ಬಣ್ಣದ ನೂಲು, ಕೋರಾ ಬಟ್ಟೆ, ಟಾರ್ಚ್, ಅಗಲ ಬಾಯಿಯ ಸ್ಕ್ರೂಡ್ರೈವರ್. ಕೇಸಿನ ಕೊಂಬು ಎಡಕ್ಕೆ ವಾಲಿದ್ದು, ಬಲಕ್ಕೆ ವಾಲಿದ್ದು ಎಂದು ಎರಡು ಬಗೆ ಉಂಟು. ಮೊದಲೇ ರೇಸ್‌ನ (ಶಟಲ್ ಆಡುವ ಗೂಡು) ಕಚ್ಚಿನ ಫೋಟೋ ತರಿಸಿಕೊಂಡು ಅಂಗಡಿಯಲ್ಲಿ ತೋರಿಸಿ.

ವೀಲ್ ಭಾರ ಎಂದಿರಲ್ಲ, ಅದನ್ನೇ ಮೊದಲು ನೋಡಿ. ವೀಲಿನ ಮಧ್ಯದ ದೊಡ್ಡ ಸ್ಕ್ರೂ ಸಡಿಲಿಸಿದರೆ ವೀಲ್ ಮಾತ್ರ ತಿರುಗಬೇಕು. ಅದು ಹಗುರವಾಗಿದ್ದು, ಸ್ಕ್ರೂ ಬಿಗಿದ ಮೇಲೆ ಇಡೀ ಸುತ್ತಿನಲ್ಲೂ ಒಂದೇ ಸಮ ಭಾರ ಆದರೆ ಒಳಗೆ ಎಣ್ಣೆ ಅಂಟಾಗಿದೆ ಅಂತ ಅರ್ಥ. ನಮ್ಮ ಕಡೆ ಇದು ಬಹಳ, ಯಾಕೆಂದರೆ ಮಿಷನ್ ಎಣ್ಣೆ ಬದಲು ತೆಂಗಿನೆಣ್ಣೆ ಬಿಡುವ ಅಭ್ಯಾಸ. ವರ್ಷಗಟ್ಟಲೆ ನಿಂತ ಮೇಲೆ ಅದು ಹಲಸಿನ ಮೇಣದ ಹಾಗೆ ಹಿಡಿದುಕೊಳ್ತದೆ. ಪ್ರತಿ ಎಣ್ಣೆ ತೂತಿಗೂ ಎರಡು ಮೂರು ಹನಿ ಸೀಮೆಎಣ್ಣೆ, ಅರ್ಧ ದಿನ ಬಿಡುವುದು, ಹಿಂದೆ ಮುಂದೆ ಮೆಲ್ಲಗೆ ಆಡಿಸುವುದು, ಒರೆಸಿ ಬಿಳಿ ಮಿಷನ್ ಎಣ್ಣೆ. ಎರಡು ಮೂರು ಸಲ ಮಾಡಿದರೆ ಬಿಡ್ತದೆ. ಚಿನ್ನದ ಬಣ್ಣದ ಚಿತ್ತಾರಕ್ಕೆ ಮಾತ್ರ ಸೀಮೆಎಣ್ಣೆ, ಥಿನ್ನರ್ ಯಾವುದೂ ತಾಗಿಸಬೇಡಿ. ಪ್ರತಿ ಸುತ್ತಿನಲ್ಲೂ ಒಂದೇ ಜಾಗದಲ್ಲಿ ಟಕ್ ಅಂತ ನಿಂತರೆ ಅದು ಬೇರೆ ಕಥೆ: ರೇಸ್‌ನಲ್ಲಿ ನೂಲು ಸಿಕ್ಕಿರಬಹುದು, ಇಲ್ಲವೇ ಯಾವುದೋ ಭಾಗ ಬಾಗಿದೆ. ಅದು ತಿಳಿಯುವ ತನಕ ಮುಂಗಡ ಕೊಡಬೇಡಿ.

ಆಮೇಲೆ ನೀಡಲ್ ಬಾರ್, ಅಂದರೆ ಸೂಜಿ ಹಿಡಿಯುವ ಕಡ್ಡಿ. ಕೆಳಗಿನ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ಎಡ ಬಲ, ಹಿಂದೆ ಮುಂದೆ ಅಲ್ಲಾಡಿಸಿ. ಕೂದಲೆಳೆಯಷ್ಟು ಆಟ ಪರವಾಗಿಲ್ಲ. ಕಣ್ಣಿಗೆ ಕಾಣುವಷ್ಟು ಅಲುಗಿದರೆ ಅದು ಕೂರುವ ಬುಷ್ ಸವೆದಿದೆ, ಹೊಲಿಗೆ ತಪ್ಪುತ್ತಲೇ ಇರ್ತದೆ. ಅದನ್ನು ಸರಿ ಮಾಡುವ ಖರ್ಚು ಈ ಮಿಷನ್‌ಗೆ ಗಿಟ್ಟುವುದಿಲ್ಲ, ಗುಜರಿ ಬೆಲೆಗೇ ಕೇಳಿ.

ನೂಲು ಹಿಡಿಯುವ ಶಟಲಿನ ಕೊಕ್ಕೆಯ ತುದಿಗೆ ಉಗುರು ತಾಗಿಸಿ. ಗೀರು, ತುಕ್ಕಿನ ಗುಳಿ ಇದ್ದರೆ ನೂಲು ಹರೀತದೆ. ಸಣ್ಣ ಗೀರಾದರೆ ತುಂಬ ನಯವಾದ ಎಮರಿ ಪೇಪರ್ ಸಾಕು, ತುದಿ ಮೊಂಡಾಗಿದ್ದರೆ ಹೊಸ ಶಟಲ್. ಟೈಮಿಂಗ್, ಅಂದರೆ ಸೂಜಿಗೂ ಕೊಕ್ಕೆಗೂ ಹೊಂದಾಣಿಕೆ, ನೋಡಲು ಸೂಜಿಯನ್ನು ಪೂರ್ತಿ ಕೆಳಗಿಳಿಸಿ, ಅಲ್ಲಿಂದ ಸುಮಾರು 2.5 ಮಿ.ಮೀ. ಮೇಲೆತ್ತಿ. ಆಗ ಕೊಕ್ಕೆಯ ತುದಿ ಸೂಜಿ ಕಣ್ಣಿಗಿಂತ ತುಸು ಮೇಲೆ ಹಾದು ಹೋಗಬೇಕು. ಹೋಗದಿದ್ದರೆ ಹೆಚ್ಚಾಗಿ ಯಾರೋ ನೀಡಲ್ ಬಾರ್ ಎತ್ತರ ತಪ್ಪಿಸಿರ್ತಾರೆ. ಮುಖದ ಪ್ಲೇಟ್ ಬಿಚ್ಚಿದರೆ ಒಳಗಿನ ಕ್ಲಾಂಪ್ ಸ್ಕ್ರೂವಿನಲ್ಲಿ ಸರಿಯಾಗ್ತದೆ.

"ಹೊಲಿಗೆಯೇ ಬೀಳ್ತಿಲ್ಲ" ಅಂದರೆ ಹೆದರಬೇಕಿಲ್ಲ, ಮೊದಲು ಸೂಜಿ ನೋಡಿ. ಚಪ್ಪಟೆ ಬದಿ ಕೊಕ್ಕೆಯ ಕಡೆಗಿರಬೇಕು, ಉದ್ದ ಗೀರಿನ ಬದಿಯಿಂದ ನೂಲು ಪೋಣಿಸಬೇಕು. ತಿರುಗಿಸಿ ಹಾಕಿದ ಒಂದು ಸೂಜಿಯಿಂದಾಗಿ ಎಷ್ಟೋ ಒಳ್ಳೆ ಮಿಷನ್ ಅಟ್ಟ ಸೇರಿವೆ.

ಕೊನೆಗೆ ನೂಲಿಲ್ಲದೆ ಕಾಗದದ ಮೇಲೆ ಓಡಿಸಿ. ತೂತುಗಳು ನೇರ ಗೆರೆಯಲ್ಲಿ ಬರಬೇಕು, ಅತಿ ಉದ್ದದ ಹೊಲಿಗೆಗೆ ಇಂಚಿಗೆ ಆರೇಳು. ಒಂದು ಬದಿಗೆ ವಾಲಿದರೆ ಬಟ್ಟೆ ಸರಿಸುವ ಕೆಳಗಿನ ಹಲ್ಲು ಒಂದೇ ಕಡೆ ಸವೆದಿದೆ ಅಥವಾ ಬಟ್ಟೆ ಒತ್ತುವ ಫೂಟ್ ಓರೆಯಾಗಿದೆ. ಮಿಷನನ್ನು ಹಿಂದಕ್ಕೆ ಮಡಚಿ ಹಿಂಜ್ ತೂತಿನ ಸುತ್ತ ಟಾರ್ಚ್ ಹಿಡಿಯಿರಿ. ಅಲ್ಲಿ ಬೀಡು (ಎರಕದ ಕಬ್ಬಿಣ) ಬಿರುಕು ಬಿಟ್ಟಿದ್ದರೆ ತಕ್ಕೊಳ್ಳಲೇಬೇಡಿ. ಹೊಸ ಪೇಂಟ್ ಹೊಡೆದಿದ್ದರೆ ಇದನ್ನು ಎರಡು ಸಲ ನೋಡಿ.

ನನ್ನ ಲೆಕ್ಕ ಹೀಗೆ. ಹೊಸ ಸಾದಾ ಕಪ್ಪು ಮಿಷನ್ ಸ್ಟ್ಯಾಂಡ್ ಸಮೇತ ಏಳೆಂಟು ಸಾವಿರಕ್ಕೆ ಸಿಗುವಾಗ, ಎಲ್ಲ ಸರಿ ಇದ್ದು ಎದುರಿಗೇ ಹೊಲಿದು ತೋರಿಸಿದ 15ಕೆಗೆ 5,500, ಹೆಚ್ಚೆಂದರೆ 6,000. ಅದರಿಂದ ಸರ್ವಿಸ್‌ಗೆ 800, ಕೇಸ್, ಬಾಬಿನ್, ಬೆಲ್ಟ್‌ಗೆ 400 ಕಳೆಯಿರಿ. ನಿಮ್ಮ ಎದುರು ಹೊಲಿಯದ ಮಿಷನ್‌ಗೆ ಇನ್ನೂ ಒಂದು ಸಾವಿರ ಕಳೆಯಲೇಬೇಕು. ಮೂರೂವರೆಯಿಂದ ಶುರು ಮಾಡಿ.

ಮಣಿಪಾಲದ ಮರಗೆಲಸ:
ಮೇಲಿನದ್ದಕ್ಕೆ ಸ್ಟ್ಯಾಂಡಿನ ವಿಷಯ ಸೇರಿಸ್ತೇನೆ. ಮಾರುವವರು 12,000 ಹೇಳುವ ಧೈರ್ಯ ಎಲ್ಲಿಂದ ಬರ್ತದೆ ಅಂದರೆ, ಹೋಂಸ್ಟೇ, ಕೆಫೆಯವರು ಬೀಡಿನ ಕಾಲನ್ನು ಮೇಜು ಮಾಡಲು, ವಾಷ್ ಬೇಸಿನ್ ಇಡಲು ಹುಡುಕ್ತಾರೆ. ಅವರಿಗೆ ಮಿಷನ್ ಓಡದಿದ್ದರೂ ಆದೀತು. ಆ ಬೆಲೆ ಅಲಂಕಾರದ್ದು, ನಿಮಗೆ ಸಂಬಂಧವಿಲ್ಲ.

ನೀವು ನೋಡಬೇಕಾದ್ದು ಬೇರೆ. ದೊಡ್ಡ ಚಕ್ರ ತಿರುಗುವಾಗ ಅಕ್ಕಪಕ್ಕಕ್ಕೆ ವಾಲಬಾರದು. ಪೆಡಲಿನಿಂದ ಚಕ್ರಕ್ಕೆ ಹೋಗುವ ಕಡ್ಡಿಯ ಮೇಲ್ತುದಿ ಸವೆದಿದ್ದರೆ ತುಳಿದಾಗಲೆಲ್ಲ ಕಟಕಟ ಸದ್ದು. ಪೆಡಲಿನ ಎರಡೂ ಬದಿಯ ಮೊನೆ ಸ್ಕ್ರೂ ಬಿಗಿದು ನೋಡಿ, ಹೆಚ್ಚಿನ ಅಲುಗಾಟ ಅಷ್ಟಕ್ಕೇ ನಿಲ್ತದೆ. ಟೇಬಲನ್ನು ಕೆಳಗಿನಿಂದ ಚಾಕು ಮೊನೆಯಲ್ಲಿ ಚುಚ್ಚಿ, ಮುಖ್ಯವಾಗಿ ಹಿಂಜ್ ಕೂರುವ ಜಾಗ. ನಮ್ಮ ಮಳೆಗೆ ಮೇಲೆ ಪಾಲಿಶ್ ಚೆನ್ನಾಗಿದ್ದರೂ ಅಡಿಯಲ್ಲಿ ಗೆದ್ದಲು ತಿಂದು ಹಾಳೆಯಷ್ಟೇ ಉಳಿದಿರ್ತದೆ. ಹಿಂಜ್ ಸ್ಕ್ರೂ ಹಿಡಿಯದಿದ್ದರೆ ಮಿಷನ್ ಕಾಲ ಮೇಲೆ ಬೀಳ್ತದೆ.

ಕಟಪಾಡಿ ಕಸೂತಿ:
ನೋಡಿ ಬಂದೆ. ನೀಡಲ್ ಬಾರ್ ಗಟ್ಟಿ, ಬಿರುಕಿಲ್ಲ, ವೀಲ್ ಇಡೀ ಸುತ್ತು ಒಂದೇ ಸಮ ಭಾರ. ಕಾಗದದ ಗೆರೆ ನೇರ. ಕೊಕ್ಕೆಯ ತುದಿಯಲ್ಲಿ ತುಕ್ಕಿನ ಗುಳಿ. ಟೇಬಲಿನ ಹಿಂಭಾಗ ಚಾಕುವಿಗೆ ಮೆತ್ತಗೆ ಸಿಕ್ಕಿತು. ಅವರು 7,500ಕ್ಕೆ ಇಳಿದಿದ್ದಾರೆ, ಜೊತೆಗೆ ಗಲ್ಫಿನಿಂದ ತಂದ ಹಳೆ ಮೋಟರ್ ಕೊಡ್ತಾರಂತೆ.

ಬಂದರಿನ ಸೂಜಿ:
ಮೋಟರನ್ನು ಲೆಕ್ಕಕ್ಕೆ ಹಿಡಿಯಬೇಡಿ. ಸೌದಿಯಲ್ಲಿ ಹಿಂದೆ ಮನೆಗಳಿಗೆ 110, 127 ವೋಲ್ಟ್ ಇತ್ತು. ಪ್ಲೇಟಿನಲ್ಲಿ 110 ಅಂತಿದ್ದರೆ ನಮ್ಮ 230ಕ್ಕೆ ಹಾಕಿದ ಕ್ಷಣ ಸುಡ್ತದೆ. 220 ಇದ್ದರೂ ಹಳೆ ವೈರಿನ ರಬ್ಬರ್ ಬಗ್ಗಿಸಿದರೆ ಪುಡಿಯಾದರೆ ಪ್ಲಗ್‌ಗೆ ಹಾಕಬೇಡಿ.

ರಥಬೀದಿ ರಿಪೇರಿ:
ಮುಖ್ಯವಾದದ್ದೆಲ್ಲ ಸರಿ ಉಂಟು. ಹಾಗಾದರೆ ಶಟಲ್‌ಗೆ 300, ಟೇಬಲ್ ಹಲಗೆಗೆ ಪ್ಲೈವುಡ್ ಹಾಕಿಸಿದರೂ 1,200. ಎದುರಿಗೆ ಹೊಲಿದು ತೋರಿಸಿದರೆ, ನಾನು ಹೇಳಿದ 6,000ರಿಂದ ಸರ್ವಿಸ್, ಕೇಸ್, ಬೆಲ್ಟಿನ 1,200 ಕಳೆದು 4,800, ಅದರಿಂದ ಇದನ್ನೂ ಕಳೆದರೆ 3,300. ಹೊಲಿದು ತೋರಿಸದಿದ್ದರೆ ಇನ್ನೂ ಸಾವಿರ ಕಡಿಮೆ, 2,300. ಹೊಲಿದು ತೋರಿಸಿದರು, ಒಳ್ಳೆಯ ಬೀಡು, ಬಿಡಲು ಮನಸ್ಸಿಲ್ಲ ಅಂದರೆ 4,000ಕ್ಕೆ ಹೋಗಿ, ಅದರಾಚೆ ಬೇಡ. ಕಡಿಮೆಗೆ ಒಪ್ಪದಿದ್ದರೆ ಟೇಬಲ್, ಸ್ಟ್ಯಾಂಡ್ ಅವರೇ ಇಟ್ಟುಕೊಳ್ಳಲಿ, ಮೇಲಿನ ಮಿಷನ್ ಮಾತ್ರ 2,000ಕ್ಕೆ ಕೇಳಿ ನೋಡಿ. ಸ್ಟ್ಯಾಂಡಿಗೆ ಅವರಿಗೆ ಗಿರಾಕಿ ಸಿಗ್ತಾರೆ, ನಿಮಗೆ ಹೊಸ ಸ್ಟ್ಯಾಂಡ್ ಅಂಗಡಿಯಲ್ಲೇ ಉಂಟು.

ತರುವಾಗ ಹಿಂಜಿನ ಎರಡು ಸ್ಕ್ರೂ ಸಡಿಲಿಸಿ ಮಿಷನ್ ಬೇರೆ ಮಾಡಿ. ವೀಲ್ ಹಿಡಿದು ಎತ್ತಬೇಡಿ, ಶಾಫ್ಟ್ ಬಾಗ್ತದೆ. ಮೇಲಿನ ತೋಳು ಹಿಡಿದು, ಬೆಡ್ ಅಡಿಗೆ ಇನ್ನೊಂದು ಕೈ ಕೊಡಿ. ಸೂಜಿ ತೆಗೆದು, ಫೂಟಿನ ಅಡಿಗೆ ಬಟ್ಟೆ ಮಡಚಿಟ್ಟು, ಗೋಣಿಯಲ್ಲಿ ಸುತ್ತಿ. ಮನೆಗೆ ಬಂದ ಕೂಡಲೇ ಬೆಡ್ ಪ್ಲೇಟ್ ಸರಿಸಿ ಒಳಗೆಲ್ಲ ಎಣ್ಣೆ ಒರೆಸಿಡಿ, ಜೂನ್ ತಿಂಗಳಲ್ಲಿ ಒಂದು ರಾತ್ರಿ ಸಾಕು ಹೊಸ ತುಕ್ಕು ಹಿಡಿಯಲಿಕ್ಕೆ.